ಹಲಗೆ ಉತ್ತ ಕಡಲತಳ

ಮಳೆಗಾಲ ಹಿಡಿದು ವಾರಗಳಾದರೂ ನಾಡದೋಣಿಗಳು ದಡ ಬಿಟ್ಟಿಲ್ಲ ಎಂದರೆ ನಮ್ಮ ಕರಾವಳಿಯಲ್ಲಿ ಸಿಗುವ ಉತ್ತರ ಒಂದೇ: ‘ಇನ್ನೂ ತೂಫಾನ್ ಆಗಿಲ್ಲ ಮಾರಾಯ್ರೇ.’ ಗಾಳಿ ಎದ್ದು ಕಡಲು ಬುಡದಿಂದ ಕದಡಿದರೇ ಸಿಗಡಿ, ಮೀನು ದಡದತ್ತ ಬರುವುದು ಎಂಬುದು ಮೀನುಗಾರರ ಲೆಕ್ಕ. ಲೆಕ್ಕದಲ್ಲಿ ಹುರುಳಿದೆ, ಕೆಸರು ಎದ್ದಾಗ ಪೋಷಕಾಂಶವೂ ಏಳುತ್ತದೆ. ಆದರೆ ಜೊತೆಗೆ ಇನ್ನೇನೇನು ಏಳುತ್ತದೆ ಎಂಬುದು ಬೇರೆ ಕತೆ. ತೂಫಾನ್ ಇಲ್ಲದಾಗಲೂ ತಳ ಕದಡುವ ಯಂತ್ರವೊಂದು ಇದೆಯಲ್ಲ!

ಟ್ರಾಲ್ ಬಲೆ ಎಂದರೆ ಉದ್ದನೆಯ ಚೀಲ. ಎಳೆಯುವಾಗ ಅದರ ಬಾಯಿ ಮುಚ್ಚಿಕೊಳ್ಳಬಾರದು. ಅದಕ್ಕೆಂದೇ ಬದಿಗೊಂದರಂತೆ ಎರಡು ಭಾರದ ಹಲಗೆ. ಓರೆಯಾಗಿ ಕಟ್ಟಿರುವುದರಿಂದ ಬೋಟ್ ಎಳೆದಂತೆಲ್ಲ ನೀರಿನ ಒತ್ತಡಕ್ಕೆ ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಸರಿದು ಬಲೆ ಬಾಯಿ ಬಿಡುತ್ತದೆ. ಮೇಲಿನ ಹಗ್ಗಕ್ಕೆ ತೇಲುಗುಂಡು, ಕೆಳಗಿನದಕ್ಕೆ ಸರಪಳಿ. ಹಲಗೆ ತಳ ಗೀರಿದಾಗ ಏಳುವ ಕೆಸರಿನ ಮೋಡ ಕಂಡು ಗಾಬರಿಯಾದ ಮೀನು ಬಲೆಯ ಬಾಯಿಗೇ ನುಗ್ಗುತ್ತದೆ. ಹಾಗಾಗಿ ಕೆಸರೇಳುವುದು ಬೋಟಿನವರಿಗೆ ಲಾಭವೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ ಈ ಬಲೆ ಸರಾಸರಿ 2.4 ಸೆಂ.ಮೀ. ಆಳಕ್ಕಿಳಿಯುತ್ತದೆ, ಒಮ್ಮೆ ಹಾದುಹೋದರೆ ಆ ಜಾಗದ ತಳಜೀವಿಗಳಲ್ಲಿ ಶೇ. 6ರಷ್ಟು ಕಾಣೆ. ಎರಡೂವರೆ ಸೆಂಟಿಮೀಟರ್ ಏನು ಮಹಾ ಎನ್ನಬೇಡಿ. ಕೆಸರಿನೊಳಕ್ಕೆ ಆಮ್ಲಜನಕ ಇಳಿಯುವುದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್.

ಅದರ ಕೆಳಗೆ ಇನ್ನೊಂದು ಲೋಕ. ಆಮ್ಲಜನಕವಿಲ್ಲದ ಅಲ್ಲಿ ಬ್ಯಾಕ್ಟೀರಿಯಾಗಳು ಸಮುದ್ರದ ಸಲ್ಫೇಟ್ ಬಳಸಿ ಕೊಳೆತದ್ದನ್ನು ತಿನ್ನುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದು ಕೆಸರಿನ ಕಬ್ಬಿಣದೊಂದಿಗೆ ಕೂಡಿ ಪೈರೈಟ್ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳುಗಳು ಒತ್ತೊತ್ತಾಗಿ ಕೂತ ಪುಟ್ಟ ಪುಟ್ಟ ಉಂಡೆಗಳು. ಈ ಉಂಡೆಗಳು ಹೂತೇ ಇದ್ದರೆ ಕಡಲಿಗೆ ಒಳ್ಳೆಯದು: ಅವು ತಯಾರಾಗುವಾಗ ನೀರಿನ ಕ್ಷಾರತ್ವ ಹೆಚ್ಚುತ್ತದೆ, ಕ್ಷಾರತ್ವವಿದ್ದಷ್ಟೂ ಕಡಲು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಬೈಕಾರ್ಬೊನೇಟ್ ರೂಪದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಕೆಸರು ಕದಡಿ ಪೈರೈಟ್ ಆಮ್ಲಜನಕವಿರುವ ನೀರಿಗೆ ಬಂತೋ, ಲೆಕ್ಕ ತಿರುಗುಮುರುಗು. ಕಬ್ಬಿಣ ತುಕ್ಕಾಗುತ್ತದೆ, ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಮುಂದಿನದ್ದು ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದಾಗ ಆಗುವುದೇ: ಆಮ್ಲ ತಾಗಿದ ಬೈಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುಗಡೆ.

ಟ್ರಾಲಿಂಗಿನಿಂದ ಇಂಗಾಲ ಹೊರಬರುವುದರ ಚರ್ಚೆ ಬಹುಕಾಲ ನಡೆದದ್ದು ಕೊಳೆತ ಜೈವಿಕ ವಸ್ತುವಿನ ಸುತ್ತ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಭಾರೀ ಅಂದಾಜಿನ ಬಗ್ಗೆ ಇನ್ನೂ ತಕರಾರಿದೆ. ಜರ್ಮನಿಯ ಗಿಯೋಮಾರ್ ಸಂಸ್ಥೆಯವರು 2025ರಲ್ಲಿ ಬಾಲ್ಟಿಕ್ ಸಮುದ್ರದ ಕೀಲ್ ಕೊಲ್ಲಿಯ ಬಗ್ಗೆ ಪ್ರಕಟಿಸಿದ ಅಧ್ಯಯನ ಬೆರಳು ತೋರಿಸಿದ್ದು ಪೈರೈಟಿನತ್ತ. ಮರಳು ತಳ ಕದಡಿದರೆ ಹೆಚ್ಚೇನೂ ಆಗದು. ಕೆಸರು ತಳವೇ ಅಪಾಯದ್ದು.

ಹಾಗಾದರೆ ಬಿರುಗಾಳಿಯನ್ನೇಕೆ ಬೈಯಬಾರದು? ಅದೂ ಇದೇ ಕೆಲಸ ಮಾಡುತ್ತದೆ, ನಿಜ. ಆದರೆ ಅಲೆಯ ಹಿಡಿತ ಅದರ ಉದ್ದದ ಸುಮಾರು ಅರ್ಧದಷ್ಟು ಆಳಕ್ಕೆ ಮುಗಿಯುತ್ತದೆ. 100 ಮೀಟರ್ ಉದ್ದದ ಅಲೆ 50 ಮೀಟರ್ ಕೆಳಗಿನ ಕೆಸರನ್ನು ಅಲುಗಿಸದು. ಹಲಗೆಗೆ ಆ ಮಿತಿಯಿಲ್ಲ, ಹಗ್ಗ ಉದ್ದ ಬಿಟ್ಟರಾಯಿತು. ಬಿರುಗಾಳಿಗೆ ಋತುವಿದೆ ಬೇರೆ.

ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಮೀನಿನ ಸಂತಾನಕ್ಕೆಂದು ಮಾಡಿದ ನಿಯಮವಾದರೂ ಕೆಸರಿನ ಮಟ್ಟಿಗೆ ಪಾಳಿ ಬದಲಾದಂತೆ: ಆ ಎರಡು ತಿಂಗಳು ತೂಫಾನಿನದು, ಉಳಿದ ಹತ್ತು ಹಲಗೆಯದು. ಹಾಗೆಂದು ಕೀಲ್‌ನ ಫಲಿತಾಂಶವನ್ನು ನಮ್ಮ ಮಲ್ಪೆಯ ಕಡಲಿಗೆ ತಂದು ಅಂಟಿಸುವಂತಿಲ್ಲ. ಮಳೆಗಾಲದ ಕೊನೆಗೆ ನಮ್ಮ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. 1999ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಆ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡನ್ನೇ ಕಂಡಿದ್ದರು. ಅಂಥ ಹೊತ್ತಲ್ಲಿ ಕದಡಿದರೆ ಪೈರೈಟ್ ತುಕ್ಕಾಗಲು ಆಮ್ಲಜನಕ ಸಾಲದು, ಇದ್ದಬದ್ದದ್ದನ್ನೂ ಕೆಸರು ನುಂಗುತ್ತದೆ. ಚಳಿಗಾಲಕ್ಕೆ ಆಮ್ಲಜನಕ ಮರಳುತ್ತದೆ. ಬೋಟುಗಳು ಆಗಲೂ ಕಡಲಲ್ಲೇ, ಮೇ 31ರವರೆಗೆ.