ಮೈಕ್ರೋಕಂಟ್ರೋಲರಿನ ಪ್ರಥಮಾಭ್ಯಾಸದಲ್ಲಿ ಕಂಪೈಲರು, ಪ್ರೋಗ್ರಾಮರುಗಳ ವಿವೇಚನೆ

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಬೆಳಗಾವಿಯಲ್ಲಿ ಸ್ಥಾಪಿತವಾದ ಬಳಿಕ ಯಂತ್ರವಿದ್ಯೆಯು ನಮ್ಮ ಅಥಣಿ ಸೀಮೆಯ ತರುಣರಿಗೆ ಇನ್ನಷ್ಟು ಸಮೀಪವಾಯಿತು. ಆ ವಿದ್ಯೆಯನ್ನು ಕಲಿಯುತ್ತಿರುವ ನನ್ನ ತಂಗಿಯ ಮಗನು, ಕೊಕಟನೂರಿನ ತೋಟದಲ್ಲಿ ತೊಟ್ಟಿ ತುಂಬಿದೊಡನೆ ಪಂಪು ತಾನಾಗಿ ನಿಲ್ಲುವಂತಹ ಉಪಕರಣವೊಂದನ್ನು ರಚಿಸಲು ತೊಡಗಿ, ಮೊದಲನೆಯ ದಿನವೇ “ಮಾಮಾ, ಚಿಪ್ಪು ಸತ್ತಹೋತು” ಎಂದು ಖಿನ್ನನಾಗಿ ಬಂದು ಕುಳಿತನು. ವ್ಯಾಕರಣವನ್ನೇ ಓದಿ ಬೆಳೆದ ನಾನು ಈ ವಿಷಯವನ್ನು ವಿಚಾರಿಸಿದುದು ಆ ನಿಮಿತ್ತದಿಂದ. ಅದು ನಮ್ಮ ಶಾಸ್ತ್ರಪದ್ಧತಿಗೆ ದೂರವಾದುದಲ್ಲವೆಂದು ತೋರಿದುದರಿಂದ ವಾಚಕರ ಮುಂದಿಡುತ್ತೇನೆ.

ಮೊದಲು ಪದಾರ್ಥನಿರ್ಣಯ. ಮೈಕ್ರೋಕಂಟ್ರೋಲರೆಂದರೆ ಗಣಕದ ಅಂಗಗಳೆಲ್ಲವೂ ಒಂದೇ ಚಿಪ್ಪಿನಲ್ಲಿ ಅಡಗಿರುವ ವಸ್ತು. ಅದು ಬಲ್ಲುದು ಅಂಕರೂಪದ ಆಜ್ಞೆಗಳನ್ನು ಮಾತ್ರ. ಅಭ್ಯಾಸಿಯು ‘ಸಿ’ ಮೊದಲಾದ ಭಾಷೆಗಳಲ್ಲಿ ಬರೆದುದನ್ನು ಆ ಅಂಕಗಳಿಗೆ ಪರಿವರ್ತಿಸುವುದು ಕಂಪೈಲರು. ಅವನ್ನು ಚಿಪ್ಪಿನೊಳಗೆ ಬರೆಯುವುದು ಪ್ರೋಗ್ರಾಮರು. ಪ್ರೋಗ್ರಾಮರೆಂಬ ಶಬ್ದವು ಬರೆಯುವ ಮನುಷ್ಯನಿಗೂ ಸಲ್ಲುವುದಾದರೂ ಇಲ್ಲಿ ಉಪಕರಣವೇ ವಿವಕ್ಷಿತ. ಕಂಪೈಲರು ಭಾಷಾಂತರಕಾರನಾದರೆ ಪ್ರೋಗ್ರಾಮರು ಓಲೆಯಲ್ಲಿ ಕಂಟದಿಂದ ಕೊರೆಯುವ ಲಿಪಿಕಾರನು.

ಉತ್ತಮವಾದ ಕಂಪೈಲರನ್ನು ಮೊದಲು ಆರಿಸಿ, ಬಳಿಕ ಚಿಪ್ಪನ್ನು ಕೊಳ್ಳಬಹುದಲ್ಲವೆ ಎಂದರೆ, ಸಲ್ಲದು. ಒಂದು ಚಿಪ್ಪಿನ ಆಜ್ಞೆಗಳು ಇನ್ನೊಂದಕ್ಕೆ ತಿಳಿಯವು. ಆದುದರಿಂದ ಕಾರ್ಯ, ಚಿಪ್ಪು, ಕಂಪೈಲರು, ಪ್ರೋಗ್ರಾಮರು ಎಂಬುದೇ ಕ್ರಮ.

1980ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ 8051ರ ವಂಶದ ಚಿಪ್ಪುಗಳಿಗೆ ಎಸ್‌ಡಿಸಿಸಿ ಎಂಬ ಕಂಪೈಲರು ಉಚಿತವಾಗಿ ದೊರೆಯುತ್ತದೆ. ಕೈಲ್ ಎಂಬುದು ಪ್ರಸಿದ್ಧವಾದರೂ ಅದರ ಪರೀಕ್ಷಾರ್ಥದ ಪ್ರತಿಯು 2 ಕಿಲೋಬೈಟನ್ನು ಮೀರಿದ ಗ್ರಂಥವನ್ನು ಒಪ್ಪದು. ಎವಿಆರ್ ವಂಶಕ್ಕೆ ಜಿಸಿಸಿಯ ಉಚಿತವಾದ ಶಾಖೆಯಿರುತ್ತದೆ. ಕಂಪೈಲರನ್ನು ಆರಿಸುವಾಗ ಮೂರನ್ನು ಪರೀಕ್ಷಿಸತಕ್ಕದ್ದು: ಕೈಯಲ್ಲಿರುವ ಚಿಪ್ಪಿನ ಹೆಸರು ಅದರ ಪಟ್ಟಿಯಲ್ಲಿದೆಯೇ, ಗ್ರಂಥಪ್ರಮಾಣಕ್ಕೆ ಮಿತಿಯುಂಟೇ, ತನ್ನ ಗಣಕದಲ್ಲಿ ಅದು ನಡೆಯುವುದೇ.

ಪ್ರೋಗ್ರಾಮರಿಗೂ ಮೊದಲನೆಯ ಪರೀಕ್ಷೆ ಅದೇ. ಅದರ ಮೇಲೆ ವಿದ್ಯುದ್ಬಲದ ವಿಚಾರ. 3.3 ವೋಲ್ಟಿನ ಚಿಪ್ಪಿಗೆ 5 ವೋಲ್ಟನ್ನು ಕೊಟ್ಟರೆ ಅದು ಕೆಡಬಹುದು. ಆರ್ಡುಯಿನೋ ಊನೋ ಎಂಬ ಫಲಕದ ಎಟಿಮೆಗಾ328ಪಿ ಚಿಪ್ಪಿನಲ್ಲಿ ಬೂಟ್‌ಲೋಡರೆಂಬ ಚಿಕ್ಕ ಗ್ರಂಥವು ಮೊದಲೇ ಬರೆಯಲ್ಪಟ್ಟಿರುವುದರಿಂದ ಯುಎಸ್‌ಬಿ ತಂತಿಯೊಂದೇ ಸಾಕು. ಬರಿದಾದ ಚಿಪ್ಪನ್ನು ಕೊಂಡವನಿಗಾದರೋ ಯುಎಸ್‌ಬಿಎಎಸ್‌ಪಿಯಂತಹ ಪ್ರೋಗ್ರಾಮರು ಅವಶ್ಯಕ. ಆರಂಭಿಸುವವನಿಗೆ ಮೊದಲನೆಯ ಮಾರ್ಗವೇ ಶ್ರೇಯಸ್ಕರ.

ಲೇಖಪ್ರಮಾದದ ಭಯವು ಇಲ್ಲಿಯೂ ಉಂಟು. ನಮ್ಮ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದರಂತೆ ಗ್ರಂಥಸಂಖ್ಯೆಯನ್ನು ಎಣಿಸುತ್ತಿದ್ದರಷ್ಟೆ. ಕಂಪೈಲರುಗಳಿಂದ ಹೊರಡುವ ಇಂಟೆಲ್ ಹೆಕ್ಸ್ ಎಂಬ ಲೇಖದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ತಾಳೆಯ ಅಂಕವಿರುತ್ತದೆ; ಸಾಲಿನ ಬೈಟುಗಳನ್ನೆಲ್ಲ ಅದರೊಡನೆ ಕೂಡಿಸಿ 256ರಿಂದ ಭಾಗಿಸಿದರೆ ಶೇಷವು ಸೊನ್ನೆಯಾಗಬೇಕು. ಪ್ರೋಗ್ರಾಮರು ಬರೆದುದನ್ನು ಮತ್ತೆ ಓದಿ ಮೂಲದೊಡನೆ ಹೋಲಿಸುವುದೂ ಉಂಟು. ಈ ಪರಿಶೀಲನೆಯನ್ನು ಎಂದಿಗೂ ಬಿಡತಕ್ಕದ್ದಲ್ಲ.

ಹುಡುಗನ ಚಿಪ್ಪಿಗೆ ಆದುದೇನು? ಅದು ಎಟಿಮೆಗಾ328ಪಿ. ಕಾರ್ಖಾನೆಯಿಂದ ಬರುವಾಗ ಅದು ಒಳಗಿನ ಆಂದೋಲಕವನ್ನು ಆಶ್ರಯಿಸಿ 1 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತದೆ. ಇವನು ಫ್ಯೂಸ್ ಬಿಟ್ಟುಗಳೆಂಬ ನಿಯಾಮಕಗಳನ್ನು ಬದಲಿಸಿ ಹೊರಗಿನ ಸ್ಫಟಿಕವನ್ನು ಆಶ್ರಯಿಸೆಂದು ವಿಧಿಸಿದನು; ಸ್ಫಟಿಕವನ್ನೇ ಜೋಡಿಸಿರಲಿಲ್ಲ. ತಾಳವಿಲ್ಲದೆ ಚಿಪ್ಪು ಪ್ರೋಗ್ರಾಮರಿಗೂ ಉತ್ತರ ಕೊಡಲಿಲ್ಲ. 16 ಮೆಗಾಹರ್ಟ್ಸಿನ ಸ್ಫಟಿಕವನ್ನೂ 22 ಪಿಕೋಫ್ಯಾರಡಿನ ಎರಡು ಕೆಪಾಸಿಟರುಗಳನ್ನೂ ಜೋಡಿಸಿದೊಡನೆ ಅದು ಮಾತಾಡಿತು. ರೀಸೆಟ್ ಕಾಲನ್ನೇ ರದ್ದುಪಡಿಸಿದ್ದರೆ 12 ವೋಲ್ಟಿನ ಬೇರೊಂದು ಪ್ರೋಗ್ರಾಮರು ಬೇಕಾಗುತ್ತಿತ್ತು.

ಆದುದರಿಂದ ಆರಂಭದಲ್ಲಿ ಫ್ಯೂಸುಗಳನ್ನು ಮುಟ್ಟದಿರುವುದೇ ಲೇಸು. ಒಂದು ದೀಪವನ್ನು ಮಿನುಗಿಸುವ ಗ್ರಂಥವೇ ಪ್ರಥಮಪಾಠವಾಗಲಿ. ಅದು ಮಿನುಗಿತೆಂದರೆ ಭಾಷಾಂತರಕಾರ, ಲಿಪಿಕಾರ, ಓಲೆ ಮೂರೂ ಸರಿಯೆಂದು ಒಮ್ಮೆಗೇ ಸಿದ್ಧವಾಗುವುದು. ಕೆಟ್ಟುಹೋಯಿತೆಂದು ಚಿಪ್ಪನ್ನು ಎಸೆಯುವ ಮುನ್ನ ಯಾವ ವಿಧಿಯನ್ನು ಬರೆದೆವೆಂದು ನೋಡತಕ್ಕದ್ದು. ದೋಷವು ಅನೇಕ ವೇಳೆ ಓಲೆಯದಲ್ಲ, ಬರೆಸಿದವನದು.