ಜಾಲಪುಟದ ಅಣ್ಣತಮ್ಮಂದಿರು

ಜಾಲಪುಟವು ಓದುಗರ ಕಣ್ಣಿಗೆ ಹರಡಿಟ್ಟ ಹಾಳೆಯಂತೆ ಕಂಡರೂ ಬ್ರೌಸರಿನ ಸ್ಮೃತಿಯಲ್ಲಿ ಅದು ನೆಲೆಸಿರುವುದು ವಂಶವೃಕ್ಷದ ರೂಪದಲ್ಲಿ. ಎಚ್‌ಟಿಎಂಎಲ್ ಬರಹದಲ್ಲಿ ಒಂದು ಟ್ಯಾಗಿನ ಒಡಲಲ್ಲಿ ಇನ್ನೊಂದು ಟ್ಯಾಗ್ ಇದ್ದರೆ ಹೊರಗಿನದು ತಾಯಿ, ಒಳಗಿನದು ಮಗು; ಒಂದೇ ತಾಯಿಯ ಮಕ್ಕಳೆಲ್ಲ ಒಡಹುಟ್ಟುಗಳು. ‘ಡಾಮ್’ ಎಂದು ಕರೆಯಲಾಗುವ ಈ ವೃಕ್ಷದ ಮೊದಲ ಶಿಷ್ಟ ನಿರೂಪಣೆಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1998ರಲ್ಲಿ ಅಂಗೀಕರಿಸಿತು.

ಈ ವೃಕ್ಷದಲ್ಲಿ ನೆರೆ ಯಾರೆಂಬುದನ್ನು ತೀರ್ಮಾನಿಸುವುದು ಹುಟ್ಟಿನ ಕ್ರಮವೇ ಹೊರತು ಪರದೆಯ ಮೇಲಿನ ಜಾಗವಲ್ಲ. ಪರದೆಯಲ್ಲಿ ಒಂದಕ್ಕೊಂದು ತಾಗಿ ನಿಂತ ಎರಡು ಚೌಕಗಳು ಬೇರೆ ಬೇರೆ ತಾಯಂದಿರ ಮಕ್ಕಳಾಗಿರಬಹುದು. ಪುಟದ ಎರಡು ತುದಿಗಳಲ್ಲಿ ಕಾಣುವ ಘಟಕಗಳು ಬೆನ್ನಿಗೆ ಬೆನ್ನು ಹುಟ್ಟಿದವೂ ಆಗಿರಬಹುದು. ಇಂಗ್ಲಿಷಿನ ‘ಸಿಬ್ಲಿಂಗ್’ ಎಂಬ ಪದ ಹಿರಿಯರಾರು ಕಿರಿಯರಾರು ಎಂಬುದನ್ನು ಹೇಳುವುದಿಲ್ಲವಾದ್ದರಿಂದ ಅದಕ್ಕೆ ಹಿಂದಿನದು, ಮುಂದಿನದು ಎಂಬ ವಿಶೇಷಣ ಬೇಕಾಗುತ್ತದೆ; ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ಹುಟ್ಟಿನ ಕ್ರಮವನ್ನು ಹೆಸರಿನಲ್ಲೇ ಹೇಳಿಬಿಡುವ ಕನ್ನಡಕ್ಕೆ ಈ ವೃಕ್ಷದ ವ್ಯವಸ್ಥೆ ಸಹಜವಾಗಿಯೇ ಒಗ್ಗುತ್ತದೆ.

ಆದರೆ ತಮ್ಮನನ್ನು ಹುಡುಕುವುದು ತೋರುವಷ್ಟು ಸುಲಭವಲ್ಲ. ಬರಹವನ್ನು ಅಚ್ಚುಕಟ್ಟಾಗಿಸಲು ಎರಡು ಟ್ಯಾಗುಗಳ ನಡುವೆ ಬಿಟ್ಟ ಖಾಲಿ ಜಾಗ, ಹೊಸ ಸಾಲಿನ ಗುರುತು ಇವೂ ವೃಕ್ಷದಲ್ಲಿ ‘ಪಠ್ಯಗ್ರಂಥಿ’ ಎಂಬ ಮಕ್ಕಳಾಗಿ ಸೇರಿಕೊಳ್ಳುತ್ತವೆ. ಆದ್ದರಿಂದ ಜಾವಾಸ್ಕ್ರಿಪ್ಟಿನ ‘ನೆಕ್ಸ್ಟ್ ಸಿಬ್ಲಿಂಗ್’ ಗುಣವನ್ನು ಕೇಳಿದಾಗ ಮುಂದಿನ ಟ್ಯಾಗಿಗೆ ಬದಲಾಗಿ ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಕೈಗೆ ಬರುತ್ತದೆ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಂಥ ಬರಿಯ ಖಾಲಿ ಗ್ರಂಥಿಗಳನ್ನು ಕೈಬಿಡುತ್ತಿದ್ದುದರಿಂದ ಒಂದೇ ಆದೇಶ ಒಂದು ಬ್ರೌಸರಿನಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಪ್ಪಾಗಿಯೂ ನಡೆದು, ಪುಟ ಕಟ್ಟುವವರ ಶ್ರಮವನ್ನು ಇಮ್ಮಡಿಗೊಳಿಸುತ್ತಿತ್ತು.

ಜಾನ್ ರೆಸಿಗ್ 2006ರಲ್ಲಿ ಹೊರತಂದ ‘ಜೇಕ್ವೆರಿ’ ಲೈಬ್ರರಿ, ಅಂದರೆ ಸಿದ್ಧ ಆದೇಶಗಳ ಸಂಗ್ರಹ, ಈ ತೊಡಕನ್ನು ಬಳಕೆದಾರರ ಕಣ್ಣಿನಿಂದ ಮರೆಮಾಡಿತು. ವೃಕ್ಷದ ಪ್ರತಿ ಗ್ರಂಥಿಗೂ ಒಂದು ಜಾತಿಸಂಖ್ಯೆಯಿದ್ದು, ಟ್ಯಾಗಿನಿಂದ ಹುಟ್ಟಿದ ಘಟಕಕ್ಕೆ 1, ಪಠ್ಯಕ್ಕೆ 3, ಟಿಪ್ಪಣಿಗೆ 8 ಎಂದು ನಿಗದಿಯಾಗಿದೆ. ಜೇಕ್ವೆರಿಯ ‘ನೆಕ್ಸ್ಟ್’ ವಿಧಾನವು ಒಂದೊಂದೇ ಗ್ರಂಥಿಯನ್ನು ದಾಟುತ್ತ ಹೋಗಿ, 1ನೆಯ ಜಾತಿಯದು ಸಿಕ್ಕಿದಲ್ಲಿ ನಿಲ್ಲುತ್ತದೆ. ‘ಪ್ರಿವ್’ ಇದನ್ನೇ ಹಿಮ್ಮುಖವಾಗಿ ಮಾಡುತ್ತದೆ. ‘ಸಿಬ್ಲಿಂಗ್ಸ್’ ತಾಯಿಯ ಬಳಿಗೆ ಹೋಗಿ ಮೊದಲ ಮಗುವಿನಿಂದ ಆರಂಭಿಸಿ, ಕೇಳಿದ ಘಟಕವೊಂದನ್ನು ಬಿಟ್ಟು ಮಿಕ್ಕ ಎಲ್ಲ ಘಟಕಗಳನ್ನೂ ಕೂಡಿಸಿ ಕೊಡುತ್ತದೆ. ತನ್ನನ್ನು ತಾನು ಬಿಟ್ಟುಕೊಳ್ಳುವ ಈ ನಿಯಮ ಬಹಳ ವಿವೇಕದ್ದು: ಮೆನುವಿನಲ್ಲಿ ಒತ್ತಿದ ಸಾಲಿಗೆ ಬಣ್ಣ ಹಚ್ಚಿ, ಅದರ ಒಡಹುಟ್ಟುಗಳಿಂದ ಬಣ್ಣ ತೆಗೆಯುವ ಕೆಲಸ ಇದರಿಂದ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಪುಟದ ಅಲಂಕಾರವನ್ನು ವಿಧಿಸುವ ಸಿಎಸ್‌ಎಸ್ ಭಾಷೆಯಲ್ಲೂ ಕೂಡುಚಿಹ್ನೆಯಿಂದ ಮುಂದಿನ ನೆರೆಯನ್ನು ಆಯ್ದುಕೊಳ್ಳಬಹುದಾಗಿದ್ದರೂ ಹಿಂದಿನದನ್ನು ಆಯುವ ದಾರಿ ಬಹುಕಾಲ ಇರಲಿಲ್ಲ. 2022ರಿಂದೀಚೆಗೆ ಬ್ರೌಸರುಗಳಿಗೆ ಬಂದ ‘ಹ್ಯಾಸ್’ ಆಯ್ಕೆ ಆ ಕೊರತೆಯನ್ನು ನೀಗಿದೆ.

ಕಲಿಯುವವರು ಎಡವುವ ಸ್ಥಳವೊಂದನ್ನು ಇಲ್ಲಿ ಹೇಳಲೇಬೇಕು. ಜೇಕ್ವೆರಿಯ ‘ನೆಕ್ಸ್ಟ್’ ವಿಧಾನಕ್ಕೆ ಒಂದು ಷರತ್ತನ್ನು, ಉದಾಹರಣೆಗೆ ‘ಉತ್ತರ’ ಎಂಬ ವರ್ಗನಾಮವನ್ನು, ಕೊಟ್ಟರೆ ಅದು ಮುಂದೆ ಎಲ್ಲಿದ್ದರೂ ಅಂಥದ್ದನ್ನು ಹುಡುಕಿ ತರುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ತೀರ ಪಕ್ಕದ ಘಟಕವನ್ನು ಮಾತ್ರ ನೋಡಿ, ಷರತ್ತಿಗೆ ಅದು ಹೊಂದದಿದ್ದರೆ ಬರಿಗೈಯಲ್ಲಿ ಮರಳುತ್ತದೆ, ದೋಷವನ್ನೂ ವರದಿ ಮಾಡುವುದಿಲ್ಲ. ಪ್ರಶ್ನೆಯನ್ನು ಒತ್ತಿದರೆ ಅದರ ಉತ್ತರ ತೆರೆದುಕೊಳ್ಳುವ ಪುಟದಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಯಾರೋ ಒಂದು ಚಿತ್ರವನ್ನು ಸೇರಿಸಿದ ದಿನದಿಂದ ಉತ್ತರ ತೆರೆಯುವುದು ನಿಂತುಹೋಗುವುದು ಹೀಗೆಯೇ. ಅಂಥಲ್ಲಿ ‘ನೆಕ್ಸ್ಟ್ ಆಲ್’ ಎಂಬುದರಿಂದ ಮುಂದಿನ ಒಡಹುಟ್ಟುಗಳಲ್ಲಿ ಷರತ್ತಿಗೆ ಹೊಂದುವವನ್ನೆಲ್ಲ ತರಿಸಿ, ‘ಫಸ್ಟ್’ ಎಂಬುದರಿಂದ ಅವುಗಳಲ್ಲಿ ಮೊದಲನೆಯದನ್ನು ಆಯ್ದುಕೊಳ್ಳಬೇಕಾಗುತ್ತದೆ.