ಕಿಸೆಯ ಮಡಚು ಚಾಕು: ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳು

ಬೆಳಗಿನ ಜಾವ ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆಗೋ, ಪುಣೆಯ ಗುಲ್ಟೇಕಡಿಗೋ, ಚೆನ್ನೈನ ಕೋಯಂಬೇಡಿಗೋ ತರಕಾರಿಗೆಂದು ಹೋಗುವ ನಮ್ಮ ಸದಸ್ಯ ಬಂಧುಗಳಲ್ಲಿ ಹಲವರ ಕಿಸೆಯಲ್ಲಿ ಒಂದು ಸಣ್ಣ ಚಾಕು ಇರುತ್ತದೆ. ಆಲೂಗಡ್ಡೆ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಗಾಳಿಯಾಡದ ಗೋದಾಮಿನಲ್ಲಿ ಇಟ್ಟಿದ್ದರೆ ನಡುವೆ ಕಪ್ಪಾಗಿರುತ್ತದೆ. ಒಂದನ್ನು ಕೊಯ್ದು ನೋಡದೆ ಮೂಟೆ ಎತ್ತಿಸಿದರೆ ನಷ್ಟ ನಮಗೇ. ಹೋಟೆಲಿಗೆ ಬಂದ ಮೇಲೆ ರಟ್ಟಿನ ಪೆಟ್ಟಿಗೆ, ಸುತ್ಲಿ, ಪ್ಲಾಸ್ಟಿಕ್ ಪಟ್ಟಿ, ಬಾಳೆಲೆಯ ಕಟ್ಟು ಎಲ್ಲಕ್ಕೂ ಅದೇ ಚಾಕು. ಕ್ಯಾಟರಿಂಗ್ ಮಾಡುವವರಿಗಂತೂ ಹಾಲಿನಲ್ಲಿ ಸಾಮಾನು ಇಳಿಸಿದ ಗಳಿಗೆಯಿಂದ ಬೇಕಾಗುವ ವಸ್ತು ಇದು. ಆದರೂ ಪಾತ್ರೆ, ಗ್ರೈಂಡರ್‌ಗಳನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುವ ನಾವು ಚಾಕುವನ್ನು ಮಾತ್ರ ಫುಟ್‌ಪಾತಿನಲ್ಲಿ ಕಂಡದ್ದನ್ನು ಎತ್ತಿಕೊಂಡು ಬರುತ್ತೇವೆ.

ಎಲ್ಲಕ್ಕಿಂತ ಮೊದಲು ಕಾನೂನಿನ ಮಾತು. ಏಕೆಂದರೆ ಇದರಲ್ಲಿ ತಪ್ಪಿದರೆ ಹೋಗುವುದು ಬೆರಳಲ್ಲ, ಮರ್ಯಾದೆ. "9 ಇಂಚಿನೊಳಗಿದ್ದರೆ ಲೈಸೆನ್ಸ್ ಬೇಡ, ಹಾಗಾಗಿ ಭಯವಿಲ್ಲ" ಎಂದು ನಮ್ಮವರಲ್ಲಿ ಅನೇಕರು ಹೇಳುವುದನ್ನು ಕೇಳಿದ್ದೇವೆ. ಇದು ಅರ್ಧ ಸತ್ಯ. 1959ರ ಆಯುಧ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಬಳಕೆ, ಕೃಷಿ, ಕೈಗಾರಿಕೆಗೆಂದೇ ಮಾಡಿದವನ್ನು ಬಿಟ್ಟಿದ್ದಾರೆ. ಅಲ್ಲಿಯವರೆಗೆ ಮಾತು ಸರಿ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆಯೊಂದಿದೆ. ಬಟನ್ ಒತ್ತಿದರೆ ತೆರೆಯುವ, ಸ್ಪ್ರಿಂಗ್ ಇರುವ, 'ಗರಾರಿ' ಎನ್ನುವ ಹಲ್ಲುಚಕ್ರದ ಚಾಕುಗಳ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಥವಾ ಅದಕ್ಕೂ ಹೆಚ್ಚಿದ್ದರೆ ಅವುಗಳ ಮೇಲೆ ನಿರ್ಬಂಧವಿದೆ. 7.62 ಸೆಂ.ಮೀ. ಎಂದರೆ ಸರಿಯಾಗಿ 3 ಇಂಚು.

ಮಹಾರಾಷ್ಟ್ರದಲ್ಲಿ ವ್ಯಾಪಾರ ಮಾಡುವವರಿಗೆ ಇನ್ನೊಂದು ತೊಡಕು. ಅಲ್ಲಿನ ಪೊಲೀಸ್ ಕಾಯ್ದೆಯ 37ನೇ ಕಲಮಿನ ಪ್ರಕಾರ ಚುನಾವಣೆ, ಹಬ್ಬ, ಗಲಭೆಯ ಭೀತಿ ಮುಂತಾದ ಸಂದರ್ಭಗಳಲ್ಲಿ ನಿಷೇಧಾಜ್ಞೆ ಹೊರಡಿಸಿದಾಗ ಹೊರಗೆ ಒಯ್ಯಬಾರದ ವಸ್ತುಗಳಲ್ಲಿ ಚಾಕು, ಕೋಲು, ಲಾಠಿ ಎಲ್ಲವೂ ಬರುತ್ತವೆ. ಅಲ್ಲಿ ಇಂಚಿನ ಲೆಕ್ಕವಿಲ್ಲ. ಬೆಳಗಿನ ನಾಲ್ಕು ಗಂಟೆಗೆ ನಾಕಾಬಂದಿಯಲ್ಲಿ ಟೆಂಪೋ ನಿಲ್ಲಿಸಿ, ಊರಿನಿಂದ ಹೊಸದಾಗಿ ಬಂದ ಹುಡುಗನ ಕಿಸೆಯಲ್ಲಿ ಬಟನ್ ಚಾಕು ಸಿಕ್ಕಿದರೆ, ಅವನಿಗೆ ಬಾರದ ಭಾಷೆಯಲ್ಲಿ "ಇದು ಗೋಣಿ ಬಿಚ್ಚಲು ಇಟ್ಟುಕೊಂಡದ್ದು" ಎಂದು ಹೇಗೆ ಹೇಳಿಯಾನು? ಚಾಕು ಕೊಟ್ಟು ಕಳಿಸಿದ ಮಾಲೀಕರು ಆ ಹೊತ್ತಿಗೆ ಮಲಗಿರುತ್ತಾರೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಟನ್ ಚಾಕು, ರಾಂಪುರಿ ತರಹದ್ದು ಯಾವ ಊರಿನಲ್ಲಿದ್ದರೂ ಬೇಡವೇ ಬೇಡ. ಉಗುರಿನಿಂದ ಎಳೆದು ಎರಡು ಕೈಯಲ್ಲಿ ತೆರೆಯುವ, ಎರಡೂವರೆ ಇಂಚಿನೊಳಗಿನ ಅಲಗಿನ ಚಾಕು ಸಾಕು. ಕೆಲಸವಿದ್ದಾಗ ಮಾತ್ರ ಜೊತೆಗಿರಲಿ, ಕೆಲಸ ಮುಗಿದ ಮೇಲೆ ಸ್ಟೋರಿನಲ್ಲೋ ಗಲ್ಲಾದ ಡ್ರಾಯರಿನಲ್ಲೋ ಇರಲಿ. ನಿಷೇಧಾಜ್ಞೆ ಇರುವ ದಿನಗಳಲ್ಲಿ ಅದು ಅಂಗಡಿಯ ಹೊರಗೆ ಹೋಗುವುದೇ ಬೇಡ. ಹುಡುಗರ ಕೈಗೆ ಕೊಟ್ಟು ಮಾರುಕಟ್ಟೆಗೆ ಕಳಿಸುವುದನ್ನಂತೂ ನಿಲ್ಲಿಸಬೇಕು.

ಇನ್ನು ಚಾಕುವಿನ ಗುಣ. ಮಡಚು ಚಾಕುವಿನ ಜೀವ ಇರುವುದು ಅದರ ಕೀಲಿನಲ್ಲಿ. ಹಳೆಯ ಕಾಲದ ಸಾದಾ ಪೆನ್ ನೈಫಿನಲ್ಲಿ ಹಿಡಿಕೆಯ ಬೆನ್ನಿಗೆ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದು ಅಲಗನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಬೀಗ ಹಾಕುವುದಿಲ್ಲ. ಎಳೆದು ಕೊಯ್ಯುವ ಕೆಲಸಕ್ಕೆ ಇದು ಸಾಕು. ತುದಿಯಿಂದ ಚುಚ್ಚಿ ಒತ್ತಿದರೆ ಅಲಗು ಮಡಚಿ ನೇರ ಬೆರಳಿನ ಮೇಲೆ ಬೀಳುತ್ತದೆ. ನಾವು ಕೇಳಿದ ಬೆರಳು ಕೊಯ್ದುಕೊಂಡ ಪ್ರಸಂಗಗಳಲ್ಲಿ ಹೆಚ್ಚಿನವು ಹೀಗೆ ಆದವು, ಅದೂ ಎಣ್ಣೆ ಡಬ್ಬಕ್ಕೆ ತೂತು ಮಾಡಲು ಹೋಗಿ. 15 ಕಿಲೋ ಡಬ್ಬ ತೆರೆಯುವುದಕ್ಕೆ ಅದರದ್ದೇ ಓಪನರ್ ಇದೆ. ಚಾಕು ಹಾಕಿದರೆ ತುದಿ ಮುರಿಯುತ್ತದೆ. ಮುರಿದ ಚೂರು ಎಣ್ಣೆಯಲ್ಲಿ, ಅಲ್ಲಿಂದ ಬಾಣಲೆಗೆ.

ಲಾಕ್ ಇರುವ ಚಾಕುಗಳಲ್ಲಿ ಎರಡು ಬಗೆ ಸಾಮಾನ್ಯ. ಹಿಡಿಕೆಯೊಳಗಿನ ತೆಳು ಪಟ್ಟಿ ಅಲಗಿನ ಬುಡಕ್ಕೆ ಬಂದು ಕೂರುವುದು ಒಂದು. ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ರೂಢಿಯಾಗುವ ತನಕ ಜಾಗ್ರತೆ ಬೇಕು, ಎಡಗೈಯವರಿಗೆ ಇದು ಅನುಕೂಲವಲ್ಲ. ಇನ್ನೊಂದು, ಕತ್ತಿನ ಉಂಗುರವನ್ನು ತಿರುಗಿಸಿ ಬಿಗಿಮಾಡುವುದು. ಫ್ರಾನ್ಸಿನ ಒಪಿನೆಲ್ ಕಂಪನಿ 1890ರಿಂದ ಮರದ ಹಿಡಿಕೆಯ ಚಾಕು ಮಾಡುತ್ತಿದೆ, ಈ ಉಂಗುರ ಬಂದದ್ದು 1955ರಲ್ಲಿ. ಹಗುರ, ಸರಳ, ಹರಿತವಾದ ಚಾಕು. ಅದರ 6ನೇ ನಂಬರಿನ ಅಲಗು ಸುಮಾರು 7 ಸೆಂ.ಮೀ., ಎಲ್ಲರೂ ಹೇಳುವ 8ನೇ ನಂಬರಿನದು 8.5 ಸೆಂ.ಮೀ.; ನಮ್ಮ ಲೆಕ್ಕಕ್ಕೆ 6 ಸಾಕು. ಆದರೆ ಮುಂಬಯಿಯ ಮಳೆಗಾಲದಲ್ಲಿ, ಇಡ್ಲಿ ಸ್ಟೀಮರಿನ ಹಬೆಯಲ್ಲಿ ಮರ ಉಬ್ಬಿ ಅಲಗು ಹೊರಗೆ ಬರದೆ ಸತಾಯಿಸುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಕೆಂಪು ಚಾಕು ಎಲ್ಲರಿಗೂ ಗೊತ್ತು. ಅದರ 91 ಮಿ.ಮೀ. ಮಾದರಿಗಳಲ್ಲಿ ಲಾಕ್ ಇಲ್ಲ, ಆದರೆ ಡಬ್ಬ ತೆರೆಯುವ ಸಾಧನ, ಸ್ಕ್ರೂಡ್ರೈವರ್ ಜೊತೆಗಿರುವುದರಿಂದ ಅಲಗಿನಿಂದ ಮಾಡಬಾರದ ಕೆಲಸ ಮಾಡುವ ಆಸೆ ಹುಟ್ಟುವುದಿಲ್ಲ. ನಕಲಿ ಮಾಲು ಬಹಳ, ಅಧಿಕೃತ ಅಂಗಡಿಯಲ್ಲೇ ಕೊಳ್ಳಿ.

ಹಿಡಿಕೆಯ ಬಣ್ಣ ಕೆಂಪೋ ಹಳದಿಯೋ ಇರಲಿ. ಇದು ಶೋಕಿಯ ಮಾತಲ್ಲ. ಅಕ್ಕಿ ಮೂಟೆಯಲ್ಲಿ, ಎಲೆಕಸದ ಬುಟ್ಟಿಯಲ್ಲಿ ಬಿದ್ದ ಕಪ್ಪು ಚಾಕು ಮತ್ತೆ ಸಿಗುವುದಿಲ್ಲ. ಹಿಡಿಕೆಗೆ ತೂತಿದ್ದರೆ ದಾರ ಕಟ್ಟಿ.

ಉಕ್ಕಿನ ವಿಷಯದಲ್ಲಿ ನಮ್ಮ ಹಿರಿಯರ ಒಲವು ಕಾರ್ಬನ್ ಉಕ್ಕಿನ ಕಡೆಗೆ. ಬೇಗ ಸಾಣೆ ಹತ್ತುತ್ತದೆ, ನಿಜ. ಆದರೆ ಲಿಂಬೆ, ಹುಣಸೆ, ಟೊಮೆಟೊ ತಾಗಿದರೆ ಕಪ್ಪಾಗುತ್ತದೆ, ಒದ್ದೆಯಲ್ಲಿಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು. ನಮ್ಮ ವ್ಯವಹಾರಕ್ಕೆ ಸ್ಟೇನ್‌ಲೆಸ್ಸೇ ಸರಿ. ಅದೂ ಉಪ್ಪುನೀರಿನಲ್ಲಿ ಬಿಟ್ಟರೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯುತ್ತದೆ ಎಂಬುದು ನೆನಪಿರಲಿ. ಸೈಕಲ್ ಚಕ್ರದ ಸಾಣೆಯವನಿಗೆ ಸಣ್ಣ ಚಾಕು ಕೊಡಬೇಡಿ. ತೆಳು ಅಲಗು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಗಡಸುತನ ಹೋಯಿತು, ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನೀರು ಹಚ್ಚಿದ ಸಾಣೆಕಲ್ಲಿನ ಮೇಲೆ ಸುಮಾರು 20 ಡಿಗ್ರಿ ಓರೆಯಲ್ಲಿ ಎರಡೂ ಬದಿ ಸಮನಾಗಿ ಎಳೆದರೆ ಮನೆಯಲ್ಲೇ ಆಗುತ್ತದೆ.

"ಇಷ್ಟೆಲ್ಲ ಏಕೆ, ಹತ್ತಿಪ್ಪತ್ತು ರೂಪಾಯಿಯ ಕಟರ್ ಇಲ್ಲವೇ?" ಎಂದು ಕೇಳುವವರಿದ್ದಾರೆ. ಮೊಂಡಾದ ತುದಿಯನ್ನು ಮುರಿದು ಮುಂದೂಡುವ ಈ ಕಟರನ್ನು ಜಪಾನಿನ ಓಲ್ಫಾ ಸಂಸ್ಥೆಯ ಸ್ಥಾಪಕ ಯೋಶಿಯೋ ಒಕಾಡ 1956ರಲ್ಲಿ ರೂಪಿಸಿದರು. ಚಾಕೊಲೇಟ್ ಬಿಲ್ಲೆ ಮುರಿಯುವುದೇ ಅದಕ್ಕೆ ಪ್ರೇರಣೆಯಂತೆ. ಪ್ಯಾಕಿಂಗ್ ಗೋದಾಮಿಗೆ ಅದ್ಭುತ ವಸ್ತು. ಅಡುಗೆಮನೆಯ ಹತ್ತಿರ ಅದು ಬರಲೇಬಾರದು. ಮುರಿಯುವುದಕ್ಕೆಂದೇ ಮಾಡಿದ ಅಲಗು ಎಲ್ಲಿ, ಯಾವಾಗ ಮುರಿಯುತ್ತದೆ ಎಂದು ಹೇಳುವಂತಿಲ್ಲ. ಬೇಳೆಯಲ್ಲಿ ಬಿದ್ದ ಆ ಚೂರು ಗಿರಾಕಿಯ ಬಾಯಿಗೆ ಹೋದರೆ ಹೋಟೆಲಿನ ಹೆಸರೇ ಹೋಯಿತು.

ಗೋಣಿಯ ಮಾತು ಬಂದದ್ದರಿಂದ ಹೇಳುತ್ತೇವೆ: ಮಶೀನಿನಲ್ಲಿ ಹೊಲಿದ ಅಕ್ಕಿ, ಮೈದಾ ಚೀಲಕ್ಕೆ ಚಾಕು ಬೇಡ. ಅದು ಸರಪಳಿ ಹೊಲಿಗೆ. ಒಂದು ತುದಿಯಿಂದ ಎಳೆದರೆ ಬಿಗಿಯುತ್ತದೆ, ಇನ್ನೊಂದು ತುದಿಯ ಗಂಟು ಬಿಡಿಸಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಚಾಕುವಿನಿಂದ ಕೊಯ್ದಾಗಲೇ ದಾರದ ತುಣುಕುಗಳು ಅಕ್ಕಿಯಲ್ಲಿ ಬಿದ್ದು ಅನ್ನದಲ್ಲಿ ಕಾಣಿಸಿಕೊಳ್ಳುವುದು. ಚೀಲವೂ ಹರಿಯದೆ ಉಳಿಯುತ್ತದೆ, ಅದಕ್ಕೂ ಬೆಲೆ ಇದೆ.

ಕಿಸೆಯ ಚಾಕು ಆಹಾರಕ್ಕೆ ತಾಗಬಾರದು ಎಂಬುದರಲ್ಲಿ ರಾಜಿ ಇಲ್ಲ. ಮಾರುಕಟ್ಟೆಯಲ್ಲಿ ಪರೀಕ್ಷೆಗೆ ಕೊಯ್ದ ತರಕಾರಿ ಅಲ್ಲಿಯೇ ಬಿಟ್ಟು ಬರುವಂಥದ್ದು. ಮಡಚುವ ಸಂದಿನಲ್ಲಿ ಕೂತ ಧೂಳು, ರಸ, ಸೆಣಬಿನ ನಾರು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದೇ ಚಾಕುವಿನಲ್ಲಿ ಕೌಂಟರಿನಲ್ಲಿ ನಿಂತು ಲಿಂಬೆ ಕೊಯ್ಯುವ ಮಾಲೀಕರನ್ನು ಗಿರಾಕಿಯೂ ನೋಡುತ್ತಾನೆ, ಆಹಾರ ಸುರಕ್ಷತಾ ಅಧಿಕಾರಿಯೂ ನೋಡುತ್ತಾರೆ. ಲಿಂಬೆಗೆ ಮಡಚದ ಬೇರೆ ಚಾಕು ಇರಲಿ.

ವಾರಕ್ಕೊಮ್ಮೆ ತೆರೆದು, ಬಿಸಿನೀರು ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದು ಉಜ್ಜಿ, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬೇಡ, ಅದು ಕೆಲವೇ ದಿನಗಳಲ್ಲಿ ಅಂಟಾಗುತ್ತದೆ. ತೆಂಗಿನೆಣ್ಣೆ ದೆಹಲಿ, ಪುಣೆಯ ಚಳಿಗೆ ಹೆಪ್ಪುಗಟ್ಟುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು.

ಕೊಳ್ಳುವಾಗ ಅಂಗಡಿಯಲ್ಲೇ ಪೂರ್ತಿ ತೆರೆದು ಅಲಗನ್ನು ಬದಿಯಿಂದ ಬದಿಗೆ ಅಲ್ಲಾಡಿಸಿ. ಹೊಸದರಲ್ಲೇ ಅಲ್ಲಾಡಿದರೆ ವಾಪಸು ಕೊಡಿ. ಮುಚ್ಚಿದಾಗ ತುದಿ ಹಿಡಿಕೆಯೊಳಗೆ ಪೂರ್ತಿ ಮರೆಯಾಗಬೇಕು. ಸುದ್ದಿಪತ್ರಿಕೆಯ ಹಾಳೆಯನ್ನು ಎಳೆಯದೆ ಹರಿಯದೆ ಕೊಯ್ಯಬೇಕು. ಊರಿಗೆ ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಉಳಿದಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಚೆಕ್-ಇನ್ ಬ್ಯಾಗಿನಲ್ಲಿಟ್ಟರೆ ಸರಿ, ಕೈಚೀಲದಲ್ಲಿ ಸಿಕ್ಕಿದರೆ ಮಂಗಳೂರಿನವರೆಗೆ ಅದು ಬರುವುದಿಲ್ಲ.